ಕೋವಿಯ ನಳಿಗೆಗೆ ತಿರುಪು ಬಿದ್ದ ಕಥೆ

ನಾನು ವಿಜಯವಾಡದ ಕಚೇರಿಯಲ್ಲಿದ್ದಾಗಿನ ಮಾತು. ನನ್ನ ಹಳೆಯ ಸ್ಕೂಟರಿನ ಸೈಲೆನ್ಸರ್ ಸಡಿಲವಾಗಿ, ಬೀದಿಯ ನಾಯಿಗಳೆಲ್ಲ ಎದ್ದು ಬೊಗಳುವಷ್ಟು ಸದ್ದು ಮಾಡತೊಡಗಿತ್ತು. ಭಾನುವಾರ ಬೆಳಿಗ್ಗೆ ಅದನ್ನು ತಳ್ಳಿಕೊಂಡು ಆಟೋನಗರಕ್ಕೆ ಹೋದೆ. ಅಲ್ಲಿ ಲೇತ್ ಯಂತ್ರ ಇಟ್ಟುಕೊಂಡಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಬಗ್ಗಿ ನೋಡಿ, ಬೆರಳಿನಿಂದ ಕೊಳವೆಯ ಬಾಯಿ ಸವರಿ, "ಮರ ಪೋಯಿಂದಿ ಸಾರ್" ಎಂದರು. ಆಂಧ್ರಕ್ಕೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಸ್ಕೂಟರಿನಲ್ಲಿ ಮರ ಎಲ್ಲಿಂದ ಬಂತು, ಹೋಯಿತು ಎಂದರೆ ಯಾವ ಮರ ಹೋಯಿತು ಎಂದು ನಾನು ಸುತ್ತಮುತ್ತ ನೋಡಿದೆ. ತೆಲುಗಿನಲ್ಲಿ 'ಮರ' ಎಂದರೆ ನಮ್ಮ ತಿರುಪು, ಇಂಗ್ಲಿಷಿನ ತ್ರೆಡ್, ಎಂದು ಪಕ್ಕದ ಹುಡುಗ ನಗುತ್ತ ತಿಳಿಸಿದ.

ಹಾಗಾದರೆ ಕೊಳವೆಯ ಮೇಲೆಯೇ ಹೊಸದಾಗಿ ತಿರುಪು ಕೊಯ್ದು ಕೊಡಿ ಎಂದೆ. ಮೇಸ್ತ್ರಿ ಒಪ್ಪಲಿಲ್ಲ. ಕೊಳವೆಯ ಗೋಡೆ ತೆಳು. ಅದರಲ್ಲಿ ತಿರುಪು ಕೊಯ್ದರೆ ಉಳಿಯುವುದೇನು, ಕಾಗದ ಉಳಿಯುತ್ತದೆ, ಎಂದರು. ಕೊನೆಗೆ ದಪ್ಪನೆಯ ಉಕ್ಕಿನ ಬಳೆಯೊಂದನ್ನು ಹೊರಗೆ ಬೆಸೆದು, ಆ ಬಳೆಯ ಮೇಲೆ ತಿರುಪು ಹಾಕಿ ಕೊಟ್ಟರು. ಬಿ.ಎಸ್‌ಸಿ. ಓದಿದ ನಾನು ಅಂದು ಒಂದು ಪಾಠ ಕಲಿತೆನೆಂದರೆ ಅತಿಶಯವಲ್ಲ.

ಇದನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಮುಂದೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಇಲ್ಲಿನ ಸಮುದ್ರದ ದಂಡೆಯ ರಸ್ತೆಯಲ್ಲಿ, ಡಚ್ಚರ ಕಾಲದ ಬಂಗಲೆಯೊಂದರಲ್ಲಿ ವಿಶಾಖ ಮ್ಯೂಸಿಯಂ ಇದೆ, 1991ರಲ್ಲಿ ಆರಂಭವಾದದ್ದು. ಊರಿನಿಂದ ನೆಂಟರು ಬಂದರೆ ನಾವೆಲ್ಲ ಕೈಲಾಸಗಿರಿ, ಸಿಂಹಾಚಲಗಳ ಜೊತೆಗೆ ಇದನ್ನೂ ತೋರಿಸುತ್ತೇವೆ. ಮಕ್ಕಳೆಲ್ಲ 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ಈ ಊರಿನ ಮೇಲೆ ಹಾಕಿದವುಗಳಲ್ಲಿ ಸಿಡಿಯದೆ ಉಳಿದ ಬಾಂಬಿನ ಸುತ್ತ ನಿಲ್ಲುತ್ತಾರೆ. ನಾನು ಮಾತ್ರ ಜಮೀನ್ದಾರರ ಕಾಲದ ಹಳೆಯ ಕೋವಿಗಳ ಮುಂದೆ ನಿಂತೆ. ಅವುಗಳ ಉದ್ದನೆಯ ನಳಿಗೆಗಳನ್ನು ನೋಡುತ್ತಿದ್ದಂತೆ ಆಟೋನಗರದ ಮೇಸ್ತ್ರಿಯ ಮಾತು ನೆನಪಾಯಿತು. ಈ ಕೊಳವೆಯ ಒಂದು ತುದಿಯನ್ನು ಹೇಗೆ ಮುಚ್ಚಿದರು? ತಿರುಪಿನಿಂದಲೇ? ಕೊಯ್ದವರು ಯಾರು? ಅಂದಿನಿಂದ ಓದಿ ಕೂಡಿಸಿಕೊಂಡದ್ದನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇನೆ. ನಾನು ಇತಿಹಾಸಕಾರನಲ್ಲ, ಕಡತ ಕಟ್ಟುವವನು ಎಂಬುದನ್ನು ಮರೆಯದಿರಬೇಕಾಗಿ ವಿನಂತಿ.

ಕೋವಿಯೆಂದರೆ ಮೂಲತಃ ಒಂದು ತುದಿ ಮುಚ್ಚಿದ ಕೊಳವೆ, ಅಷ್ಟೆ. ಮದ್ದು ಉರಿದಾಗ ಹುಟ್ಟುವ ಅನಿಲ ಎತ್ತ ದಾರಿ ಸಿಕ್ಕರೆ ಅತ್ತ ನುಗ್ಗುತ್ತದೆ. ಮುಂದೆ ಗುಂಡು ಇದೆ, ಹಿಂದೆ ಮುಚ್ಚಳವಿದೆ, ಮುಚ್ಚಳದ ಹಿಂದೆ ಹೊಡೆಯುವವನ ಮುಖವಿದೆ. ಒತ್ತಡ ಅತ್ಯಧಿಕವಾಗಿರುವುದು ನಳಿಗೆಯ ಬುಡದಲ್ಲಿ. ಗುಂಡು ಮುಂದೆ ಸಾಗಿದಂತೆ ಅನಿಲಕ್ಕೆ ಜಾಗ ಹೆಚ್ಚಿ ಒತ್ತಡ ಇಳಿಯುತ್ತದೆ. ಅದಕ್ಕಾಗಿಯೇ ನಳಿಗೆಯ ಗೋಡೆ ಬುಡದಲ್ಲಿ ದಪ್ಪ, ಬಾಯಿಯ ಕಡೆಗೆ ತೆಳು. ಬುಡದಲ್ಲಿ ತಿರುಪು ಕೊಯ್ಯಲು ಲೋಹವಿದೆ, ಬಾಯಿಯಲ್ಲಿ ಇಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಬುಡದ ತಿರುಪಿನ ಕಷ್ಟ ಎಂಥದು ಎಂಬುದಕ್ಕೆ ಜಪಾನಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. 1543ರಲ್ಲಿ ತಾನೆಗಾಶಿಮಾ ಎಂಬ ದ್ವೀಪಕ್ಕೆ ಬಂದ ಪೋರ್ಚುಗೀಸರಿಂದ ಅಲ್ಲಿನ ದೊರೆ ಎರಡು ಕೋವಿಗಳನ್ನು ಕೊಂಡು, ಅಂಥದೇ ಮಾಡಿಕೊಡಲು ತನ್ನ ಕಮ್ಮಾರನಿಗೆ ಹೇಳಿದ. ಕತ್ತಿ ಮಾಡುವುದರಲ್ಲಿ ಜಪಾನೀ ಕಮ್ಮಾರರನ್ನು ಮೀರಿಸುವವರಿರಲಿಲ್ಲ. ನಳಿಗೆಯನ್ನೂ ಮಾಡಿಬಿಟ್ಟ. ಆದರೆ ಹಿಂದುಗಡೆಯ ತಿರುಪು ಬಿರಡೆ ಮಾತ್ರ ಅವನ ಕೈಗೆ ಹತ್ತಲಿಲ್ಲ. ಆ ದೇಶದಲ್ಲಿ ತಿರುಪೆಂಬುದೇ ಬಳಕೆಯಲ್ಲಿರಲಿಲ್ಲ. ಮರುವರ್ಷ ಬಂದ ಹಡಗಿನಲ್ಲಿದ್ದ ಪರದೇಶಿ ಕಮ್ಮಾರನಿಂದ ಅದನ್ನು ಕಲಿತನೆಂದು 1606ರಲ್ಲಿ ಬರೆದ ಅಲ್ಲಿನ ವೃತ್ತಾಂತವೊಂದು ಹೇಳುತ್ತದೆ. ಆ ವಿದ್ಯೆಗಾಗಿ ಕಮ್ಮಾರ ತನ್ನ ಮಗಳನ್ನೇ ಪೋರ್ಚುಗೀಸನಿಗೆ ಮದುವೆ ಮಾಡಿಕೊಟ್ಟನೆಂದು ಜನ ಕಥೆ ಕಟ್ಟಿದ್ದಾರೆ. ನಿಜವೋ ಸುಳ್ಳೋ, ಒಂದು ತಿರುಪಿನ ಬೆಲೆ ಜನರಿಗೆ ಎಷ್ಟೆಂದು ತೋರಿತ್ತು ಎಂಬುದಂತೂ ತಿಳಿಯುತ್ತದೆ.

ನಮ್ಮ ದೇಶದಲ್ಲಿ ನಳಿಗೆ ಮಾಡುವ ವಿದ್ಯೆ ಬಹು ಬೇಗ ಬೆಳೆಯಿತು. ಅಕ್ಬರನ ಕಾಲದ ಪದ್ಧತಿಯನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ತಗಡನ್ನು ಸುಮ್ಮನೆ ಸುತ್ತಿ ಅಂಚಿಗೆ ಅಂಚು ಸೇರಿಸಿ ಬೆಸೆದರೆ ಬೆಸುಗೆಯ ಗೆರೆಯಲ್ಲೇ ಒಡೆಯುತ್ತಿತ್ತು. ಅದಕ್ಕೆ ಬದಲಾಗಿ ತಗಡನ್ನು ಓರೆಯಾಗಿ, ಕಾಗದದ ಸುರುಳಿಯಂತೆ ಸುತ್ತಿ, ಮಡಿಕೆಗಳು ಒಂದರ ಮೇಲೊಂದು ಬರುವಂತೆ ಕಾಯಿಸಿ ಬಡಿಯುತ್ತಿದ್ದರು. ಒಂದೇ ಎತ್ತು ತಿರುಗಿಸುವ ಚಕ್ರದಿಂದ ಹದಿನಾರು ನಳಿಗೆಗಳ ಒಳಭಾಗವನ್ನು ಒಟ್ಟಿಗೆ ಶುಚಿಮಾಡುವ ಯಂತ್ರವೂ ಇತ್ತಂತೆ. ಗಾಣ ನೋಡಿ ಬೆಳೆದ ನಮಗೆ ಆ ಚಿತ್ರ ಕಲ್ಪಿಸಿಕೊಳ್ಳಲು ಕಷ್ಟವಿಲ್ಲ.

ಕನ್ನಡನಾಡಿಗೆ ಬಂದರೆ ಶ್ರೀರಂಗಪಟ್ಟಣದ ಹೆಸರು ಮೊದಲು ಹೇಳಬೇಕು. ಟಿಪ್ಪುವಿನ ರಾಕೆಟ್ಟುಗಳ ವಿಷಯ ಎಲ್ಲರಿಗೂ ಗೊತ್ತು. ಶಿವಮೊಗ್ಗ ಜಿಲ್ಲೆಯ ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅವನ ಕಾರ್ಖಾನೆಯ ಕೋವಿಗಳ ವಿಷಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಚಕಮಕಿ ಕಲ್ಲಿನ ಬೀಗ, ಹುಲಿಯ ಪಟ್ಟೆ, ನಳಿಗೆಯ ಮೇಲೆ ಚಿನ್ನದ ಅಕ್ಷರ, ಟಿಪ್ಪುವೇ ಆರಂಭಿಸಿದ ಮೌಲೂದಿ ಶಕದ ವರ್ಷ, ಮಾಡಿದವನ ಹೆಸರು, ಇವೆಲ್ಲ ಅವುಗಳ ಮೇಲಿವೆ. ಸೈಯದ್ ಮಾಸುಂ, ಅಸದ್ ಖಾನ್ ಮುಹಮ್ಮದ್ ಎಂಬ ಕುಶಲಿಗಳ ಹೆಸರು ಈಗ ನಮಗೆ ತಿಳಿದಿರುವುದು ಲಂಡನ್ನಿನ ಸಂಗ್ರಹಾಲಯ ಮತ್ತು ಹರಾಜು ಮನೆಗಳ ಮೂಲಕ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಕೋವಿಗಳು ಹಡಗು ಹತ್ತಿ ಹೋದವು. ಮಾಡಿದವರು ಏನಾದರೆಂದು ಯಾವ ಹರಾಜು ಪಟ್ಟಿಯಲ್ಲೂ ಬರೆದಿಲ್ಲ.

ಈ ಕೋವಿಗಳಲ್ಲೆಲ್ಲ ಒಂದು ಗುಣವಿತ್ತು, ದೋಷವೆಂದರೂ ಆದೀತು. ತಿರುಪು ಕೈಕೆಲಸ. ಒಂದು ನಳಿಗೆಯ ಬಿರಡೆ ಆ ನಳಿಗೆಗೆ ಮಾತ್ರ ಕೂಡುತ್ತಿತ್ತು, ಪಕ್ಕದ ಕೋವಿಗೆ ಕೂಡುತ್ತಿರಲಿಲ್ಲ. ಯುರೋಪಿನಲ್ಲೂ ಹೀಗೇ ಇತ್ತು. ಅದನ್ನು ಬದಲಿಸಿದವರು ಇಬ್ಬರು ಇಂಗ್ಲಿಷರು. ಹೆನ್ರಿ ಮಾಡ್ಸ್‌ಲೆ ಎಂಬಾತ 1800ರ ಸುಮಾರಿಗೆ, ಒಂದೇ ತೆರನಾದ ತಿರುಪನ್ನು ಎಷ್ಟು ಬೇಕಾದರೂ ಕೊಯ್ಯುವ ಲೇತನ್ನು ಬಳಕೆಗೆ ತಂದ. ಅವನ ಬಳಿ ಕೆಲಸ ಕಲಿತ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ದೇಶಕ್ಕೆಲ್ಲ ಒಂದೇ ತಿರುಪಿನ ಅಳತೆ ಇರಬೇಕು, ಹಲ್ಲಿನ ಕೋನ 55 ಡಿಗ್ರಿ ಇರಬೇಕು ಎಂದು ಮಂಡಿಸಿದ. ನಮ್ಮ ಹಳೆಯ ರೈಲ್ವೆ ವರ್ಕ್‌ಷಾಪುಗಳಲ್ಲಿ ದುಡಿದ ಹಿರಿಯರಿಗೆ ವಿಟ್‌ವರ್ತ್ ಸ್ಪ್ಯಾನರ್ ಎಂದರೆ ಇಂದಿಗೂ ಗೊತ್ತು. ಕುತೂಹಲದ ಸಂಗತಿಯೆಂದರೆ, ಇದೇ ವಿಟ್‌ವರ್ತನನ್ನು ಬ್ರಿಟಿಷ್ ಸರಕಾರ ಮುಂದೆ ರೈಫಲ್ ಸುಧಾರಿಸಲು ಕೇಳಿಕೊಂಡಿತು. ಆರು ಮೂಲೆಯ ರಂಧ್ರವುಳ್ಳ ಅವನ ರೈಫಲಿನಿಂದ 1860ರಲ್ಲಿ ವಿಕ್ಟೋರಿಯಾ ರಾಣಿ 400 ಗಜ ದೂರದ ಗುರಿಯ ನಡುವಿಗೇ ಹೊಡೆದಳು. ರೈಫಲನ್ನು ಮೊದಲೇ ಕಟ್ಟಿ ನಿಲ್ಲಿಸಿ ಗುರಿ ಹಿಡಿದಿದ್ದರೆನ್ನಿ. ರಾಣಿ ಎಳೆದದ್ದು ದಾರ ಮಾತ್ರ.

ಇಷ್ಟು ಹೊತ್ತಿಗೆ ನಮ್ಮಲ್ಲಿ 1857 ಕಳೆದಿತ್ತು. ಎನ್‌ಫೀಲ್ಡ್ ರೈಫಲಿನ ತೋಟೆಗೆ ಹಚ್ಚಿದ ಕೊಬ್ಬಿನ ವಿಷಯ ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ. ಅದರ ನಂತರದ ಕಥೆ ಅಲ್ಲಿಲ್ಲ. ದಂಗೆಯ ಮೇಲೆ ಭಾರತೀಯ ಸಿಪಾಯಿಯ ಕೈಗೆ ಬಿಳಿಯ ಸೈನಿಕನಷ್ಟೇ ಒಳ್ಳೆಯ ಕೋವಿ ಕೊಡಬಾರದೆಂದು ಸರಕಾರ ತೀರ್ಮಾನಿಸಿತು. ರೈಫಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳಿರುತ್ತವೆ. ದೂರಕ್ಕೆ ನೆಟ್ಟಗೆ ಹೊಡೆಯಲು ಅವೇ ಕಾರಣ. ಎನ್‌ಫೀಲ್ಡ್ ನಳಿಗೆಗಳ ಆ ಗೀರುಗಳನ್ನೆಲ್ಲ ಕೊರೆದು ತೆಗೆದು, ರಂಧ್ರವನ್ನು .577 ಅಂಗುಲದಿಂದ .656 ಅಂಗುಲಕ್ಕೆ ಹಿಗ್ಗಿಸಿ, ನುಣುಪು ಕೋವಿಗಳನ್ನಾಗಿ ಮಾಡಿ ಸಿಪಾಯಿಗಳಿಗೆ ಹಂಚಿದರು. 1858ರ ಮಾದರಿ ಎಂದು ಅದರ ಹೆಸರು. ಲೆಕ್ಕ ಹಾಕಿ ನೋಡಿ: ಗೋಡೆಯಿಂದ ಸುತ್ತಲೂ ಒಂದು ಮಿಲಿಮೀಟರಿನಷ್ಟು ಉಕ್ಕು ಹೋಯಿತು. ತೆಳುವಾದ ನಳಿಗೆಗಳು ಉಬ್ಬತೊಡಗಿದವು, ಬಯೊನೆಟ್ ಸಿಕ್ಕಿಸಿ ಬಳಸಿದರೆ ಬಾಗತೊಡಗಿದವು. ಮರುವರ್ಷವೇ ದಪ್ಪ ಗೋಡೆಯ 1859ರ ಮಾದರಿಯನ್ನು ಮಾಡಬೇಕಾಯಿತು. ಅಪನಂಬಿಕೆಯಿಂದ ಕೊರೆದ ನಳಿಗೆಗಳು ಸರಕಾರಕ್ಕೇ ದಂಡ ಹಾಕಿದವು.

ಸಿಪಾಯಿಗಳ ಗತಿ ಹೀಗಾದರೆ ಊರವರದು ಇನ್ನೂ ಕೆಟ್ಟದು. 1857ರಲ್ಲೇ ಆಯುಧ ಕಾಯಿದೆ ಬಂತು: ಇದ್ದ ಆಯುಧ ತಂದೊಪ್ಪಿಸಬೇಕು, ಇಟ್ಟುಕೊಳ್ಳಲು ಪರವಾನಗಿ ಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧ ಬೇಟೆಯ ಉಪಕರಣ, ಕುಲದ ಮಾನ, ಎರಡೂ ಆಗಿತ್ತು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಉತ್ತರ ಕರ್ನಾಟಕದಿಂದ ಬಂದ ನಮ್ಮ ಸದಸ್ಯರಲ್ಲಿ ಹಲಗಲಿಯ ಲಾವಣಿ ಕೇಳದವರು ವಿರಳ. 1878ರಲ್ಲಿ ಲಿಟನ್ ವೈಸರಾಯನಾಗಿದ್ದಾಗ ಬಂದ ಆಯುಧ ಕಾಯಿದೆ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಬಿಗಿಯಾಯಿತು. ಇಟ್ಟುಕೊಳ್ಳಲು ಮಾತ್ರವಲ್ಲ, ಮಾಡಲು ಮಾರಲು ಕೂಡ ಲೈಸೆನ್ಸ್. ಯುರೋಪಿಯನ್ನರಿಗೆ ಮಾತ್ರ ವಿನಾಯಿತಿ.

ಈ ಕಾಯಿದೆಯ ಬಗ್ಗೆ ಬರೆಯುವವರು ಕೋವಿ ಕಳೆದುಕೊಂಡವನ ವಿಷಯ ಬರೆಯುತ್ತಾರೆ. ಕೋವಿ ಮಾಡುತ್ತಿದ್ದವನ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ತಗಡು ಸುತ್ತಿ ನಳಿಗೆ ಮಾಡಿ, ಅದರ ಬುಡದಲ್ಲಿ ಕೈಯಿಂದಲೇ ತಿರುಪು ಕೊಯ್ಯಬಲ್ಲ ಕಮ್ಮಾರ, ಮಾಡ್ಸ್‌ಲೆಯ ಲೇತನ್ನು ಮುಂದಿಟ್ಟಿದ್ದರೆ ವಾರದಲ್ಲಿ ಕಲಿಯುತ್ತಿದ್ದ. ಆ ಕಮ್ಮಾರನಿಗೆ ಕುಡುಗೋಲು, ಗುದ್ದಲಿ, ಗಾಡಿಯ ಚಕ್ರದ ಪಟ್ಟಿ ಉಳಿದವು. ಸರಕಾರದ ರೈಫಲ್ ಕಾರ್ಖಾನೆ ಬಂಗಾಳದ ಇಚ್ಛಾಪುರದಲ್ಲಿ 1904ರಲ್ಲಿ ಶುರುವಾಯಿತು. ಯಂತ್ರ, ಅಳತೆ, ನಕ್ಷೆ, ಎಲ್ಲ ಇಂಗ್ಲೆಂಡಿನವು.

ಕೊಡಗು ಮಾತ್ರ ಬೇರೆ. ಅಲ್ಲಿನವರ ನಿಷ್ಠೆಯನ್ನು ಮೆಚ್ಚಿ 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಇಂದಿಗೂ ಬಂದಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು. ಇಲ್ಲಿನ ನೌಕಾಪಡೆಯಿಂದ ನಿವೃತ್ತರಾದ ಕೊಡಗಿನ ಹಿರಿಯರೊಬ್ಬರು, ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಆ ಸದ್ದು ಕೇಳಿಯೇ ಊರು ಸುದ್ದಿ ತಿಳಿಯುತ್ತದೆ ಎಂದು ನನಗೆ ಹೇಳಿದರು. "ಸದ್ದು ಅಡಗಿಸಿದ ಕೋವಿಯಿಂದ ನಮಗೇನು ಪ್ರಯೋಜನ ಮಾರಾಯರೆ?" ಎಂದರು. ಅವರ ಪ್ರಶ್ನೆ ನನ್ನನ್ನು ನಳಿಗೆಯ ಇನ್ನೊಂದು ತುದಿಗೆ ತಂದಿತು.

ಸದ್ದಡಗಿಸುವ ಕಥೆ ಒಂದು ಮನೆಯ ಕಥೆ. ತಂದೆ ಹಿರಂ ಮ್ಯಾಕ್ಸಿಂ 1884ರಲ್ಲಿ ಯಂತ್ರಬಂದೂಕು ಕಂಡುಹಿಡಿದ. ಅದರ ಸದ್ದು ಕೇಳಿ ಕೇಳಿ ಕಿವುಡನಾದ. ಮಗ ಹಿರಂ ಪರ್ಸಿ ಮ್ಯಾಕ್ಸಿಂ ಅಮೆರಿಕೆಯಲ್ಲಿ ಮೋಟಾರು ಎಂಜಿನಿಯರ್. ಕೋವಿಯ ಬಾಯಿಗೆ ಸಿಕ್ಕಿಸುವ ಸೈಲೆನ್ಸರಿಗೆ 1909ರ ಮಾರ್ಚ್ 30ರಂದು ಪೇಟೆಂಟ್ ಪಡೆದ. ನಮ್ಮ ಸ್ಕೂಟರಿನ ಸೈಲೆನ್ಸರಿನ ಹಿಂದಿರುವುದೂ ಅದೇ ಬಗೆಯ ಯೋಚನೆ. ಬಾಯಿಂದ ಒಮ್ಮೆಲೇ ನುಗ್ಗುವ ಬಿಸಿ ಅನಿಲ ಗಾಳಿಗೆ ಬಡಿದಾಗ ಸದ್ದಾಗುತ್ತದೆ. ಅದನ್ನು ತಡೆಗಳ ನಡುವೆ ಸುತ್ತಿಸಿ, ತಣಿಸಿ, ನಿಧಾನವಾಗಿ ಬಿಟ್ಟರೆ ಸದ್ದು ಇಳಿಯುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಪಿಸುಮಾತಾಗುವುದಿಲ್ಲ. ರೈಫಲಿನ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ ಅದು ಗಾಳಿಯನ್ನು ಸೀಳುವ ಚಟಾರ್ ಎಂಬ ಸದ್ದು ಉಳಿದೇ ಉಳಿಯುತ್ತದೆ. ಅದಕ್ಕೆ ಯಾವ ಸೈಲೆನ್ಸರೂ ಮದ್ದಲ್ಲ.

ಆದರೆ ಅದನ್ನು ಸಿಕ್ಕಿಸುವುದು ಎಲ್ಲಿಗೆ? ಬುಡಕ್ಕಲ್ಲ, ಬಾಯಿಗೆ, ಲೋಹ ಕಡಿಮೆ ಇರುವ ಕಡೆಗೆ. ಸೈನ್ಯದ ರೈಫಲುಗಳ ಬಾಯಲ್ಲಿ ಗುರಿಮಣಿ, ಬಯೊನೆಟ್ಟಿನ ಗೂಟ ಮುಂತಾದವು ಮೊದಲೇ ಜಾಗ ಹಿಡಿದಿದ್ದವು. ಬೇಟೆಯ ಹಗುರ ರೈಫಲುಗಳ ನಳಿಗೆ ತೀರ ತೆಳು. ಆಟೋನಗರದ ಮೇಸ್ತ್ರಿ ನನಗೆ ಹೇಳಿದ ತೊಂದರೆಯೇ ಮ್ಯಾಕ್ಸಿಮನಿಗೂ ಎದುರಾಯಿತು. ಕೊಯ್ದರೆ ಗೋಡೆ ಸೊರಗುತ್ತದೆ. ಕೊಯ್ದ ತಿರುಪು ರಂಧ್ರದ ನೇರಕ್ಕೆ ಕೂದಲೆಳೆಯಷ್ಟು ಓರೆಯಾದರೂ ಗುಂಡು ಸೈಲೆನ್ಸರಿನ ಒಳಗೋಡೆಗೆ ತಗಲುತ್ತದೆ. ತಿರುಪು ಕೊಯ್ಯಲಾಗದ ನಳಿಗೆಗಳಿಗಾಗಿ ಅವನ ಕಂಪನಿ ಬಿಗಿಯುವ ಬಳೆಗಳನ್ನು ಮಾರಿತು. ದಪ್ಪ ಡಬ್ಬ ಗುರಿಮಣಿಗೆ ಅಡ್ಡ ಬರುತ್ತದೆಂದು 1910ರ ಮಾದರಿಯಲ್ಲಿ ರಂಧ್ರವನ್ನು ನಡುವಿಗೆ ಬದಲಾಗಿ ಮೇಲಂಚಿಗೆ ಸರಿಸಿದ.

ಎರಡನೆಯ ಮಹಾಯುದ್ಧದಲ್ಲಿ ಡಿ ಲೈಲ್ ಎಂಬ ಇಂಗ್ಲಿಷ್ ಎಂಜಿನಿಯರ್ ಈ ತೊಡಕನ್ನು ಬೇರೊಂದು ಬಗೆಯಲ್ಲಿ ದಾಟಿದ. ಬಾಯಿಯ ತಿರುಪಿನ ತಂಟೆಯೇ ಬೇಡವೆಂದು ಇಡೀ ನಳಿಗೆಯನ್ನೇ ದಪ್ಪ ಕೊಳವೆಯೊಳಗೆ ಕೂರಿಸಿ, ಶಬ್ದಕ್ಕಿಂತ ನಿಧಾನವಾಗಿ ಹೋಗುವ ಪಿಸ್ತೂಲಿನ ಗುಂಡನ್ನು ಬಳಸಿದ. ಮೂಲ ಕೋವಿ ಮಾತ್ರ ಇಚ್ಛಾಪುರದಲ್ಲೂ ತಯಾರಾಗುತ್ತಿದ್ದ ಅದೇ ಲೀ-ಎನ್‌ಫೀಲ್ಡ್ ಮನೆತನದ್ದು. ಅಂಥವು ಸುಮಾರು 130 ಮಾತ್ರ ತಯಾರಾದವು. ಕೆಲವು ಬರ್ಮಾದ ಕಾಡುಗಳಿಗೂ ಹೋದವು. ಇಂದು ಫಿನ್‌ಲೆಂಡ್, ನಾರ್ವೆಗಳಲ್ಲಿ ಬೇಟೆಗಾರರು ಕಿವಿ ಉಳಿಸಿಕೊಳ್ಳಲು ಇಂಥ ಸಾಧನಗಳನ್ನು ಸಾಧಾರಣವಾಗಿ ಬಳಸುತ್ತಾರೆ. ನಮ್ಮ ದೇಶದ ಆಯುಧ ನಿಯಮಗಳು ಅದನ್ನು ಅತಿ ಬಿಗಿಯಾದ ವರ್ಗದಲ್ಲಿಟ್ಟಿವೆ; ಅದು ಸೇನೆ, ಪೊಲೀಸರ ವಸ್ತು. ಬೆಂಗಳೂರಿನ ಖಾಸಗಿ ಕಾರ್ಖಾನೆಯೊಂದು ಈಚಿನ ವರ್ಷಗಳಲ್ಲಿ ದೂರಗುರಿಯ ರೈಫಲುಗಳನ್ನು ತಯಾರಿಸುತ್ತಿರುವುದನ್ನು ಓದಿದಾಗ ಶ್ರೀರಂಗಪಟ್ಟಣದ ಆ ಕುಶಲಿಗಳು ನೆನಪಾದರು.

ಈಗ ವಿಶಾಖಪಟ್ಟಣಕ್ಕೆ ಮರಳೋಣ. ಅಮೆರಿಕೆಯಲ್ಲಿ ಹಣವಿದ್ದವನು ಅಂಗಡಿಗೆ ಹೋಗಿ ಕೋವಿಗೆ ಸೈಲೆನ್ಸರ್ ಕೊಂಡು, ನೆರೆಯವರಿಗೆ ತೊಂದರೆಯಾಗದಂತೆ ಹಿತ್ತಿಲಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ ಕಾಲದಲ್ಲಿ, ಇಲ್ಲಿನ ಮನ್ಯಂ ಎಂಬ ಬೆಟ್ಟನಾಡಿನಲ್ಲಿ ಗಿರಿಜನರ ಕೈಯಲ್ಲಿದ್ದದ್ದು ಬಿಲ್ಲು ಬಾಣ. ಅರಣ್ಯ ಕಾಯಿದೆಗಳಿಂದ ಪೋಡು ಬೇಸಾಯ ನಿಂತಿತ್ತು, ರಸ್ತೆ ಕೆಲಸಕ್ಕೆ ಸರಿಯಾದ ಕೂಲಿಯಿಲ್ಲದೆ ದುಡಿಸಿಕೊಳ್ಳುತ್ತಿದ್ದರು. ಅಲ್ಲೂರಿ ಸೀತಾರಾಮರಾಜು ಅವರನ್ನು ಕೂಡಿಸಿದಾಗ ಮೊದಲು ಬೇಕಾದದ್ದು ಕೋವಿ. ಅದನ್ನು ಮಾಡಿಕೊಡುವ ಕಮ್ಮಾರ ಅರ್ಧ ಶತಮಾನದ ಹಿಂದೆಯೇ ಕಾನೂನಿನಿಂದ ಇಲ್ಲವಾಗಿದ್ದ. ಆದ್ದರಿಂದ ಸರಕಾರದ ಕೋವಿಯನ್ನೇ ತರಬೇಕಾಯಿತು. 1922ರ ಆಗಸ್ಟ್ 22ರಂದು ಚಿಂತಪಲ್ಲಿ, 23ರಂದು ಕೃಷ್ಣದೇವಿಪೇಟ, 24ರಂದು ರಾಜವೊಮ್ಮಂಗಿ, ಮೂರು ದಿನ ಮೂರು ಪೊಲೀಸ್ ಠಾಣೆಗಳು. ಒಟ್ಟು 26 ಕೋವಿ, ಸುಮಾರು 2,500 ತೋಟೆ ಸಿಕ್ಕವು. ತೆಗೆದುಕೊಂಡದ್ದನ್ನೆಲ್ಲ ಠಾಣೆಯ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿದನೆಂಬುದು ಪ್ರಸಿದ್ಧ ಸಂಗತಿ. ಕಡತದ ಮನುಷ್ಯನಾದ ನನಗೆ ಇದು ಬಹಳ ಹಿಡಿಸಿತು; ಸರಕಾರಿ ಸ್ವತ್ತು ಪಡೆದುದಕ್ಕೆ ರಸೀತಿ ಕೊಟ್ಟ ಬಂಡಾಯಗಾರ ಬೇರೆ ಯಾರಿದ್ದಾರೆ?

ಕೋವಿ ಸಿಕ್ಕಿತು, ಆದರೆ ತೋಟೆ ತಯಾರಿಸುವ ದಾರಿಯಿರಲಿಲ್ಲ. ತಂದ ಪ್ರತಿಯೊಂದು ತೋಟೆಯೂ ಹೊಡೆದ ಮೇಲೆ ಲೆಕ್ಕದಿಂದ ಹೋಯಿತು. ಸೆಪ್ಟೆಂಬರ್ 24ರಂದು ದಾಮನಪಲ್ಲಿಯ ಕಣಿವೆಯಲ್ಲಿ ಇಬ್ಬರು ಆಂಗ್ಲ ಅಧಿಕಾರಿಗಳು ಸತ್ತ ಮೇಲೆ ಸರಕಾರ ಮಲಬಾರ್ ಪೊಲೀಸರನ್ನೂ ಆಮೇಲೆ ಅಸ್ಸಾಂ ರೈಫಲ್ಸ್ ಪಡೆಯನ್ನೂ ತರಿಸಿತು. ಅವರ ಹಿಂದೆ ಕಾರ್ಖಾನೆಯಿತ್ತು, ರೈಲಿತ್ತು. ಎರಡು ವರ್ಷ ಕೂಡ ತುಂಬಲಿಲ್ಲ. 1924ರ ಮೇ 7ರಂದು ಕೊಯ್ಯೂರಿನ ಬಳಿ ಸೀತಾರಾಮರಾಜುವನ್ನು ಹಿಡಿದು ಮರಕ್ಕೆ ಕಟ್ಟಿ ಗುಂಡಿಕ್ಕಿದರು.

ಸಮಾಧಿ ಕೃಷ್ಣದೇವಿಪೇಟದಲ್ಲಿದೆ. ನರ್ಸೀಪಟ್ಟಣದ ಮೇಲೆ ಹೋದರೆ ವಿಶಾಖಪಟ್ಟಣದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಚಿಂತಪಲ್ಲಿ ಅಲ್ಲಿಂದ ಘಾಟಿಯ ಮೇಲೆ, 2022ರಲ್ಲಿ ಅವನ ಹೆಸರಿನಲ್ಲೇ ಆದ ಹೊಸ ಜಿಲ್ಲೆಯಲ್ಲಿದೆ. ಕಳೆದ ಚಳಿಗಾಲದಲ್ಲಿ ನಾವು ಮೂರು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ನನ್ನ ಮಗ, ಆ 26 ಕೋವಿಗಳು ಈಗ ಎಲ್ಲಿವೆ ಎಂದು ಕೇಳಿದ. ಮುಂದಿನ ಭಾನುವಾರ ಅವನನ್ನು ಕರೆದುಕೊಂಡು ಮತ್ತೆ ಮ್ಯೂಸಿಯಮ್ಮಿಗೆ ಹೋದೆ. ಈ ಸಲ ಅವನು ಬಾಂಬಿನ ಬಳಿ ನಿಲ್ಲದೆ ನೇರ ಕೋವಿಗಳ ಮುಂದೆ ಹೋಗಿ, ನಳಿಗೆಗಳ ಬುಡದಲ್ಲಿ ತಿರುಪು ಕಾಣುತ್ತದೆಯೇ ಎಂದು ಒಂದೊಂದನ್ನೇ ಬಗ್ಗಿ ನೋಡತೊಡಗಿದ.